ನಿಂತ ಲಾರಿಯ ದುಡಿಮೆ

ಲಾರಿಗೆ ಓಟವೇ ಧರ್ಮ, ನಿಂತ ಲಾರಿ ದಂಡ ಎಂಬುದು ಲೋಕದ ತಿಳಿವಳಿಕೆ. ದಂಡಿನ ಲಾರಿಯನ್ನು ಬಲ್ಲವರು ಹಾಗೆನ್ನಲಾರರು. ಅದರ ಎಂಜಿನ್ನಿಗೆ ಗಾಲಿಗಳನ್ನು ಉರುಳಿಸುವುದಲ್ಲದೆ ಮತ್ತೊಂದು ಊಳಿಗವೂ ಉಂಟು. ಗಿಯರ್ ಪೆಟ್ಟಿಗೆಯ ಪಕ್ಕದಲ್ಲಿ ಚಿಕ್ಕದೊಂದು ಹಲ್ಲುಚಕ್ರದ ಜೋಡಣೆ. ಚಾಲಕನು ಲಿವರ್ ಎಳೆದೊಡನೆ ಅದು ಒಳಗಿನ ಚಕ್ರಕ್ಕೆ ಹಲ್ಲು ಸೇರಿಸಿ, ಎಂಜಿನ್ನಿನ ಬಲವನ್ನು ಬೇರೊಂದು ಷಾಫ್ಟಿನ ಮೂಲಕ ಹೊರಗೆ ತರುತ್ತದೆ. ಇದಕ್ಕೆ ಪವರ್ ಟೇಕ್‌ಆಫ್ ಎಂದು ಹೆಸರು. ಬೆಂಕಿ ಆರಿಸಲು ಬಂದ ವಾಹನವು ನಿಂತಲ್ಲಿಯೇ ಮೊರೆಯುತ್ತ ನೀರು ಚಿಮ್ಮಿಸುವುದೂ, ಟಿಪ್ಪರ್ ಲಾರಿಯ ಬೆನ್ನು ತಾನಾಗಿ ಮೇಲೇಳುವುದೂ ಸಾಮಾನ್ಯವಾಗಿ ಇದರ ಕೃಪೆಯಿಂದಲೇ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಇದು ಒದಗಿ ಬಂದದ್ದು ಕೆಸರಿನಲ್ಲಿ. ಜಿ.ಎಂ.ಸಿ. ಕಂಪನಿಯ ಎರಡೂವರೆ ಟನ್ನಿನ ಲಾರಿಗಳು 5 ಲಕ್ಷಕ್ಕೂ ಮಿಕ್ಕು ತಯಾರಾದುವು. ಅವುಗಳಲ್ಲಿ ಅನೇಕಕ್ಕೆ ಮುಂಭಾಗದಲ್ಲಿ ವಿಂಚ್, ಎಂದರೆ ಉಕ್ಕಿನ ಹಗ್ಗ ಸುತ್ತುವ ರಾಟೆ, ಇರುತ್ತಿದ್ದಿತು. 10,000 ಪೌಂಡು ಎಳೆಯುವ ಶಕ್ತಿ ಅದಕ್ಕೆ. ಗಾಲಿ ಅಚ್ಚಿನವರೆಗೆ ಹೂತುಹೋದಾಗ ಹಗ್ಗದ ತುದಿಯನ್ನು ಎದುರಿನ ಮರಕ್ಕೆ ಬಿಗಿದು ರಾಟೆಯನ್ನು ತಿರುಗಿಸಿದರೆ, ಲಾರಿಯು ತನ್ನ ಜುಟ್ಟನ್ನು ತಾನೇ ಹಿಡಿದೆತ್ತಿದಂತೆ ಮೇಲೆ ಬರುತ್ತಿದ್ದಿತು. ಮದ್ದುಗುಂಡಿಗಾಗಿ ಕಾದು ಕುಳಿತವರಿಗೆ ಆ ಕೆಲವು ಗಜಗಳ ಬೆಲೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಯುದ್ಧ ಮುಗಿದ ಮೇಲೆ ಈ ವಿದ್ಯೆ ಹೊಲಕ್ಕಿಳಿಯಿತು. 1945ರಲ್ಲಿ ವಿಲ್ಲಿಸ್ ಕಂಪನಿ ನಾಗರಿಕರಿಗಾಗಿ ಹೊರತಂದ ಜೀಪಿನ ಬೆನ್ನಿಗೆ, ಬೇಕೆಂದವರು ಪವರ್ ಟೇಕ್‌ಆಫ್ ಹಾಕಿಸಿಕೊಳ್ಳಬಹುದಾಗಿದ್ದಿತು. ಅದಕ್ಕೆ ಬೆಲ್ಟು ತೊಡಿಸಿದರೆ ಮರ ಕೊಯ್ಯುವ ಗರಗಸವೂ ತಿರುಗುತ್ತಿದ್ದಿತು. 1946ರಲ್ಲಿ ಡಾಡ್ಜ್ ಕಂಪನಿ ತನ್ನ ಸೈನಿಕ ಲಾರಿಗೆ ಸಾದಾ ಉಡುಪು ತೊಡಿಸಿ ‘ಪವರ್ ವ್ಯಾಗನ್’ ಎಂದು ಮಾರಿತು. ಜರ್ಮನಿಯ ಯುನಿಮೋಗ್‌ನದು ತದ್ವಿರುದ್ಧ ಪ್ರಯಾಣ: ಆಲೂಗೆಡ್ಡೆಯ ಎರಡು ಸಾಲುಗಳಿಗೆ ಗಾಲಿ ಹೊಂದಿಸಿ ರೈತನಿಗಾಗಿ ಹುಟ್ಟಿದ ಅದು 1950ರ ದಶಕದಲ್ಲಿ ಸೈನ್ಯ ಸೇರಿತು.

ಆದರೆ ಎಂಜಿನ್ನಿಗೆ ಬಲವುಂಟೇ ಹೊರತು ವಿವೇಕವಿಲ್ಲ. ಬಿಗಿದ ಹಗ್ಗ ಎಷ್ಟು ತಾಳೀತೆಂಬುದು ಅದಕ್ಕೆ ತಿಳಿಯದು. ಅದಕ್ಕಾಗಿಯೇ ಆ ಲಾರಿಗಳಲ್ಲಿ ವಿಂಚನ್ನು ತಿರುಗಿಸುವ ಷಾಫ್ಟಿಗೆ ಮೃದು ಲೋಹದ ಪಿನ್ನೊಂದನ್ನು ಸಿಕ್ಕಿಸಿರುತ್ತಿದ್ದರು. ಹೊರೆ ಮಿತಿ ಮೀರಿದರೆ ಹಗ್ಗಕ್ಕಿಂತ ಮೊದಲು ಅದು ತುಂಡಾಗುವುದು, ಎಳೆತ ನಿಲ್ಲುವುದು. ಮನೆಯ ಫ್ಯೂಸಿನ ಹಾಗೆ. ಮತ್ತೆ ಮತ್ತೆ ಸುಡುವ ಫ್ಯೂಸಿಗೆ ಬೇಸತ್ತು ದಪ್ಪ ತಂತಿ ಸುತ್ತುತ್ತಿದ್ದ ಯಜಮಾನರನ್ನು ಯಾರು ತಾನೆ ಕಂಡಿಲ್ಲ? ಲಾರಿಯ ಲೋಕದಲ್ಲಿ ಅವರ ಸೋದರರು ಪಿನ್ನಿನ ಸ್ಥಾನಕ್ಕೆ ಗಟ್ಟಿ ಬೋಲ್ಟು ಜಡಿಯುತ್ತಾರೆ. ಆಗ ತುಂಡಾಗುವ ಸರದಿ ಹಗ್ಗದ್ದು. ಬಿಗಿದ ಉಕ್ಕಿನ ಹಗ್ಗ ಹರಿದು ಬೀಸಿದರೆ ಅದರ ದಾರಿಯಲ್ಲಿದ್ದವನ ಕಾಲು ಉಳಿದೀತೆಂಬ ಭರವಸೆಯಿಲ್ಲ. ಪ್ರಾಣದ ಭರವಸೆಯೂ ಇಲ್ಲ. ಬಲ್ಲ ಚಾಲಕನು ಎಳೆಯುವ ಮುನ್ನ ಎಲ್ಲರನ್ನೂ ಹಗ್ಗದ ಅಳವಿಗೆ ಸಿಗದಷ್ಟು ದೂರ ನಿಲ್ಲಿಸಿ, ಸಲಕರಣೆಯ ಪೆಟ್ಟಿಗೆಯಲ್ಲಿ ಬದಲಿ ಪಿನ್ನುಗಳು ಇವೆಯೇ ಎಂದು ನೋಡಿಕೊಳ್ಳುತ್ತಾನೆ.