ಮೂರು ವಾರಕ್ಕೊಂದು ಚುಚ್ಚುಮದ್ದು

ಲಸಿಕೆ ಎಂದ ಕೂಡಲೇ ನಮ್ಮೆಲ್ಲರ ಮನಸ್ಸಿಗೆ ಬರುವುದು ಪೋಲಿಯೋ ಹನಿ, ತೋಳಿನ ಮೇಲಿನ ಬಿಸಿಜಿ ಕಲೆ, ಅಂಗನವಾಡಿಯ ಮುಂದೆ ಮಗುವನ್ನೆತ್ತಿಕೊಂಡು ನಿಂತ ತಾಯಂದಿರ ಸಾಲು. ಅದು ರೋಗ ಬರುವ ಮುನ್ನ ಕೊಡುವಂಥದ್ದು. ರೋಗ ಬಂದ ಮೇಲೆ, ಅದೂ ಮೆದುಳಿನಲ್ಲಿ ಗಡ್ಡೆ ಬೆಳೆದ ಮೇಲೆ ಲಸಿಕೆ ಕೊಡುವುದೆಂದರೇನು? 2015ರಲ್ಲಿ ಈ ಪ್ರಶ್ನೆ ನಮ್ಮ ಮನೆಯೊಳಗೇ ಬಂದು ಕುಳಿತಿತು. ಇಲ್ಲಿ ನಾವು ಎಂದರೆ ಗಂಡ ಹೆಂಡತಿ ಇಬ್ಬರೂ. ಅಕ್ಕನ ಮಗನ ಆಸ್ಪತ್ರೆ ಓಡಾಟವನ್ನೆಲ್ಲ ಒಟ್ಟಿಗೇ ಮಾಡಿದವರು ನಾವಾದ್ದರಿಂದ ಇದನ್ನೂ ಒಟ್ಟಿಗೇ ಬರೆಯುತ್ತಿದ್ದೇವೆ.

ಹುಡುಗನಿಗೆ ಏಳು ವರ್ಷ. ಮೊದಲು ಒಂದು ಕಣ್ಣು ಒಳಕ್ಕೆ ತಿರುಗಿತು. ಕನ್ನಡಕ ಬೇಕಾಗಬಹುದು ಎಂದರು ಶಾಲೆಯಲ್ಲಿ. ಆಮೇಲೆ ನಡೆಯುವಾಗ ವಾಲತೊಡಗಿದ, ಮಾತು ತೊದಲಿತು. ಎಂಆರ್‌ಐ ನೋಡಿದ ಡಾಕ್ಟರು ನಮ್ಮಿಬ್ಬರನ್ನು ಮಾತ್ರ ಒಳಗೆ ಕರೆದರು. ಗಡ್ಡೆ ಇರುವುದು ಮೆದುಳಿನ ಕಾಂಡದಲ್ಲಿ, ಪಾನ್ಸ್ ಎಂಬ ಜಾಗದಲ್ಲಿ. ಉಸಿರಾಟ, ನುಂಗುವುದು, ಕಣ್ಣಿನ ಚಲನೆ ಎಲ್ಲಕ್ಕೂ ಬೇಕಾದ ನರಗಳು ಹಾದುಹೋಗುವ ಗೇಣಿಗಿಂತ ಕಿರಿದಾದ ದಾರಿ ಅದು. ಗಡ್ಡೆ ಅಲ್ಲಿ ಉಂಡೆಯಾಗಿ ಕುಳಿತಿರುವುದಿಲ್ಲ. ಹಿಟ್ಟಿನಲ್ಲಿ ಉಪ್ಪು ಬೆರೆತ ಹಾಗೆ ನರಗಳ ನಡುವೆ ಬೆರೆತಿರುತ್ತದೆ. ಕತ್ತರಿಸಿ ತೆಗೆಯುವ ಮಾತೇ ಇಲ್ಲ. ಡಿಐಪಿಜಿ ಎಂಬ ಹೆಸರನ್ನು ನಾವು ಕೇಳಿದ್ದು ಅಂದೇ ಮೊದಲು.

ಈ ರೋಗ ಬಂದ ಮಕ್ಕಳಲ್ಲಿ ಹೆಚ್ಚಿನವರು ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಎರಡು ವರ್ಷ ದಾಟುವವರು ನೂರಕ್ಕೆ ಹತ್ತು ಮಂದಿಯೂ ಇಲ್ಲ. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್‌ನ ಪುಟ್ಟ ಮಗಳು ಕ್ಯಾರೆನ್ 1962ರ ಜನವರಿಯಲ್ಲಿ ತೀರಿಕೊಂಡದ್ದು ಮೆದುಳಿನ ಕಾಂಡದ ಇಂಥದೇ ಗಡ್ಡೆಯಿಂದ. ಆಗ ಆಕೆಗೆ ಮೂರು ವರ್ಷವೂ ತುಂಬಿರಲಿಲ್ಲ. ಅವಳಿಗೂ ಕೊಟ್ಟದ್ದು ವಿಕಿರಣ ಚಿಕಿತ್ಸೆಯೇ, ಅರ್ಧ ಶತಮಾನದ ನಂತರ ನಮ್ಮ ಹುಡುಗನಿಗೂ ಅದೇ. ಯಂತ್ರಗಳು ಸುಧಾರಿಸಿದ್ದವು, ಫಲಿತಾಂಶ ಹೆಚ್ಚು ಸುಧಾರಿಸಿರಲಿಲ್ಲ.

ಆರು ವಾರಗಳ ರೇಡಿಯೇಷನ್ ಮುಗಿದಾಗ ಹುಡುಗ ಚೇತರಿಸಿಕೊಂಡ. ಕಣ್ಣು ನೇರವಾಯಿತು, ಸೈಕಲ್ ಬೇಕೆಂದು ಹಟ ಹಿಡಿದ. ಈ ಚೇತರಿಕೆ ಕೆಲವು ತಿಂಗಳದ್ದು ಮಾತ್ರ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಅಂಗಳದಲ್ಲಿ ಸೈಕಲ್ ಓಡಿಸುವ ಮಗುವನ್ನು ನೋಡುತ್ತಾ ಅದನ್ನು ನಂಬುವುದು ಯಾರಿಂದ ಸಾಧ್ಯ? ಅದೇ ಹೊತ್ತಿಗೆ ಅಮೆರಿಕದಲ್ಲಿರುವ ಸಂಬಂಧಿಯೊಬ್ಬರು ಫೋನ್ ಮಾಡಿ, ಪಿಟ್ಸ್‌ಬರ್ಗ್‌ನಲ್ಲಿ ಇದಕ್ಕೆ ಲಸಿಕೆ ಕಂಡುಹಿಡಿದಿದ್ದಾರಂತೆ ಎಂದರು. ಸಂಜೆಯೊಳಗೆ ಆ 'ಅಂತೆ' ಬಿದ್ದುಹೋಗಿ ಕುಟುಂಬದಲ್ಲೆಲ್ಲ ಸುದ್ದಿಯಾಯಿತು. ಉಳಿದ ಮಕ್ಕಳಿಗೂ ಈಗಲೇ ಆ ಲಸಿಕೆ ಹಾಕಿಸಬಹುದಾ ಎಂದು ಚಿಕ್ಕಮ್ಮ ಕೇಳಿದರು. ನಗುವ ಹಾಗಿರಲಿಲ್ಲ. ಲಸಿಕೆ ಎಂಬ ಶಬ್ದಕ್ಕೆ ನಮ್ಮಲ್ಲಿ ಇರುವ ಅರ್ಥವೇ ಅದು.

ಹಾಗಾದರೆ ಪಿಟ್ಸ್‌ಬರ್ಗ್‌ನಲ್ಲಿ ನಡೆದದ್ದೇನು? ಅಲ್ಲಿಯ ಮಕ್ಕಳ ಆಸ್ಪತ್ರೆಯ ನರಶಸ್ತ್ರತಜ್ಞ ಇಯಾನ್ ಪೊಲಾಕ್ ಮತ್ತು ಸಂಶೋಧಕ ಹಿದೆಹೊ ಒಕಾಡ ಅವರ ತಂಡ 2014ರಲ್ಲಿ ತನ್ನ ಪ್ರಯೋಗದ ವರದಿ ಪ್ರಕಟಿಸಿತ್ತು. ಡಾಕ್ಟರೊಬ್ಬರ ಸಹಾಯದಿಂದ ಅದನ್ನು ಹಲವು ಸಲ ಓದಿದೆವು. ಈ ಜಾತಿಯ ಗಡ್ಡೆಯ ಜೀವಕೋಶಗಳಲ್ಲಿ ಮೂರು ಪ್ರೋಟೀನುಗಳು ವಿಪರೀತವಾಗಿ ಇರುತ್ತವೆ. ಅವುಗಳ ಚಿಕ್ಕ ಚಿಕ್ಕ ತುಣುಕುಗಳನ್ನು ಕೃತಕವಾಗಿ ತಯಾರಿಸಿ, ಎಣ್ಣೆಯಂಥ ದ್ರವದಲ್ಲಿ ಕಲಸಿ ಚರ್ಮದ ಕೆಳಗೆ ಚುಚ್ಚುತ್ತಾರೆ. ಜೊತೆಗೆ ಪಾಲಿ-ಐಸಿಎಲ್‌ಸಿ ಎಂಬ ಇನ್ನೊಂದು ಮದ್ದು. ಇದು ವೈರಸ್ಸಿನ ವೇಷ ಹಾಕಿದ ವಸ್ತು. ವೈರಸ್ ನುಗ್ಗಿತೆಂದು ದೇಹ ಎಚ್ಚೆತ್ತುಕೊಳ್ಳುತ್ತದೆ, ಆ ಎಚ್ಚರದಲ್ಲಿ ಪ್ರೋಟೀನಿನ ತುಣುಕುಗಳನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಹೀಗೆ ಕಲಿತ ಟಿ-ಕಣಗಳು ರಕ್ತದ ದಾರಿಯಲ್ಲಿ ಮೆದುಳಿಗೆ ಹೋಗಿ ಗಡ್ಡೆಯ ಮೇಲೆ ಬೀಳಬೇಕು. ಲೆಕ್ಕಾಚಾರ ಇಷ್ಟು. ಮೂರು ವಾರಕ್ಕೊಂದರಂತೆ ಎಂಟು ಸಲ, ನಂತರ ಆರು ವಾರಕ್ಕೊಂದು.

26 ಮಕ್ಕಳು ಆ ಪ್ರಯೋಗದಲ್ಲಿದ್ದರು. ಇಬ್ಬರಲ್ಲಿ ಮಾತ್ರ ರೋಗ ಬೇಗನೆ ಉಲ್ಬಣಿಸಿತು. 19 ಮಕ್ಕಳಲ್ಲಿ ಗಡ್ಡೆ ಕೆಲವು ಸುತ್ತುಗಳ ಕಾಲ ಇದ್ದ ಹಾಗೇ ಇತ್ತು, ಇಬ್ಬರಲ್ಲಿ ಗಮನಾರ್ಹವಾಗಿ ಕುಗ್ಗಿತ್ತು. ಈ ಅಂಕಿ ಕೇಳಿದರೆ ಯಾವ ತಾಯಿಯಾದರೂ ವಿಮಾನದ ಟಿಕೆಟ್ ವಿಚಾರಿಸುತ್ತಾಳೆ. ಆದರೆ ನಮ್ಮ ಹುಡುಗನ ಗಡ್ಡೆಯೂ ಆಗ ಇದ್ದ ಹಾಗೇ ಇತ್ತಲ್ಲ! ರೇಡಿಯೇಷನ್ನಿನ ಗುಣ ಎಷ್ಟು, ಲಸಿಕೆಯ ಗುಣ ಎಷ್ಟು ಎಂದು ಬೇರ್ಪಡಿಸಿ ಹೇಳಲು ಲಸಿಕೆ ಪಡೆಯದ ಮಕ್ಕಳ ಗುಂಪೊಂದನ್ನು ಅವರು ಪಕ್ಕದಲ್ಲಿ ಇಟ್ಟಿರಲಿಲ್ಲ. ಇಡುವ ಉದ್ದೇಶವೂ ಇರಲಿಲ್ಲ. ಇದನ್ನು ಮಕ್ಕಳಿಗೆ ಕೊಡಬಹುದೇ, ತಡೆದುಕೊಳ್ಳುತ್ತಾರೆಯೇ, ದೇಹ ಪಾಠ ಕಲಿಯುತ್ತದೆಯೇ ಎಂದು ನೋಡುವ ಮೊದಲ ಮೆಟ್ಟಿಲಿನ ಪರೀಕ್ಷೆ ಅದು.

ವರದಿಯಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಐವರು ಮಕ್ಕಳ ಸಂಗತಿ. ಲಸಿಕೆ ಶುರುವಾದ ಮೇಲೆ ಇವರ ಲಕ್ಷಣಗಳು ಹೆಚ್ಚಾದವು, ಸ್ಕ್ಯಾನ್‌ನಲ್ಲಿ ಗಡ್ಡೆ ದೊಡ್ಡದಾದಂತೆ ಕಂಡಿತು. ರೋಗ ಗೆದ್ದಿತೆಂದು ಕೈಚೆಲ್ಲುವ ಸನ್ನಿವೇಶ. ಅದು ನಿಜವಾದ ಬೆಳವಣಿಗೆ ಆಗಿರಲಿಲ್ಲ, ರೋಗ ನಿರೋಧಕ ಕಣಗಳು ಗಡ್ಡೆಗೆ ನುಗ್ಗಿ ಉಂಟಾದ ಬಾವು ಎಂದು ವೈದ್ಯರು ತೀರ್ಮಾನಿಸಿದರು. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ಇಳಿಯಿತು. ಹೀಗೆ ಕೆಟ್ಟು ಸುಧಾರಿಸಿದ ಮಕ್ಕಳೇ ಹೆಚ್ಚು ಕಾಲ ಬದುಕಿದರು. ಕೈಕಾಲಿನಲ್ಲಿ ಬಾವು ಬಂದರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ. ಮೆದುಳಿನ ಕಾಂಡದಲ್ಲಿ ಬಾವು ಬಂದರೆ ಒತ್ತುವುದು ಉಸಿರಿನ ನರವನ್ನೇ. ಸ್ಟೀರಾಯ್ಡ್ ಹೆಚ್ಚು ಕೊಟ್ಟರೆ ಲಸಿಕೆ ಎಬ್ಬಿಸಿದ ಸೈನ್ಯವೇ ಮಲಗಿಬಿಡುತ್ತದೆ. ಇದೆಂಥ ತಕ್ಕಡಿ ನೋಡಿ. ಆ ಐದು ಮನೆಗಳವರು ಆ ದಿನಗಳನ್ನು ಹೇಗೆ ಕಳೆದಿರಬಹುದೆಂದು ನಾವಿಬ್ಬರೂ ಎಷ್ಟೋ ರಾತ್ರಿ ಮಾತಾಡಿಕೊಂಡಿದ್ದೇವೆ.

ಇನ್ನೊಂದು ಬಾಗಿಲೂ ಇತ್ತು. ಪ್ರೋಟೀನಿನ ತುಣುಕನ್ನು ಟಿ-ಕಣಕ್ಕೆ ತೋರಿಸಲು ಜೀವಕೋಶದ ಮೇಲೆ ಒಂದು ತಟ್ಟೆ ಬೇಕು. ಈ ತಟ್ಟೆಯ ಮಾದರಿ ವಂಶಪಾರಂಪರ್ಯವಾಗಿ ಬರುವಂಥದ್ದು, ಎಲ್ಲರಲ್ಲೂ ಒಂದೇ ಅಲ್ಲ. ಎಚ್‌ಎಲ್‌ಎ-ಎ2 ಎಂಬ ಮಾದರಿ ಇರುವ ಮಕ್ಕಳಿಗೆ ಮಾತ್ರ ಆ ಲಸಿಕೆ ಹೊಂದುತ್ತಿತ್ತು. ಯುರೋಪ್ ಮೂಲದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಅದಿದೆ. ನಮ್ಮ ದೇಶದವರಲ್ಲಿ ಎ2 ಗುಂಪಿನ ಒಳಭೇದಗಳೇ ಬೇರೆ ಪ್ರಮಾಣದಲ್ಲಿವೆ. ಇದನ್ನು ಅನ್ಯಾಯ ಎನ್ನಲಾರೆವು. ಎಲ್ಲಿ ಹೆಚ್ಚು ಜನಕ್ಕೆ ಹೊಂದುತ್ತದೋ ಅಲ್ಲಿಂದ ಶುರುಮಾಡಿದರು. ಆದರೆ ಹೊಸ ಮದ್ದಿನ ಅಳತೆ ತೆಗೆಯುವಾಗ ಯಾರ ಮೈ ಎದುರಿಗಿತ್ತು ಎಂಬುದು ಆಮೇಲೆ ಯಾರಿಗೆ ಹೊಂದುತ್ತದೆ ಎಂಬುದನ್ನೂ ನಿರ್ಧರಿಸುತ್ತದೆ.

ಇದನ್ನೆಲ್ಲ ಅಕ್ಕನಿಗೆ ಆದಷ್ಟು ಸರಳವಾಗಿ ವಿವರಿಸಿದೆವು. ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಅದು ಇವನು ಬದುಕಲಿಕ್ಕಾ, ಅವರು ಕಲಿಯಲಿಕ್ಕಾ?"

ನಮ್ಮ ಡಾಕ್ಟರು ಈ ಪ್ರಶ್ನೆಗೆ ಬೇಸರಪಡಲಿಲ್ಲ. "ಮೊದಲನೆಯದು ಆಗಬಹುದು, ಎರಡನೆಯದು ಖಂಡಿತ ಆಗ್ತದೆ ಅಮ್ಮಾ" ಎಂದರು. ಇಷ್ಟು ನೇರವಾಗಿ ಮಾತಾಡುವವರು ಎಷ್ಟು ಜನರಿದ್ದಾರೆ? ಎಂಟು ಚುಚ್ಚುಮದ್ದು ಎಂದರೆ ಸುಮಾರು ಐದು ತಿಂಗಳು. ಉಳಿದದ್ದೇ ಅಷ್ಟಾಗಿದ್ದರೆ ಅಜ್ಜಿ, ತಂಗಿ, ಶಾಲೆಯ ಗೆಳೆಯರು ಯಾರೂ ಇಲ್ಲದ ಊರಿನಲ್ಲಿ ಅದನ್ನು ಕಳೆಯಬೇಕೇ? ಅಕ್ಕ ಭಾವ ಬೇಡ ಎಂದರು. ನಾವು ಒಪ್ಪಿದೆವು. ಹೋಗುತ್ತೇವೆ ಎಂದಿದ್ದರೂ ಒಪ್ಪುತ್ತಿದ್ದೆವು, ಸಾಲ ಮಾಡುತ್ತಿದ್ದೆವು. ಹುಡುಗ 2016ರಲ್ಲಿ, ಗಡ್ಡೆ ಪತ್ತೆಯಾದ ಹತ್ತನೇ ತಿಂಗಳಲ್ಲಿ, ಮನೆಯಲ್ಲೇ ತೀರಿಕೊಂಡ.

ಆ ನಡುವೆ ನಡೆದ ಒಂದು ಸಂಗತಿಯನ್ನು ಹೇಳಲೇಬೇಕು. ಮಗುವಿನ ರಕ್ತದಿಂದಲೇ ಲಸಿಕೆ ಮಾಡಿಕೊಡುತ್ತೇವೆ ಎಂದು ದೂರದ ನಗರದ ಚಿಕಿತ್ಸಾಲಯವೊಂದು ಲಕ್ಷಾಂತರ ರೂಪಾಯಿ ಹೇಳಿತು. ಪ್ರಯೋಗವೇ ಎಂದು ಕೇಳಿದರೆ ಅಲ್ಲ, ಚಿಕಿತ್ಸೆ ಎಂದರು. ಫಲಿತಾಂಶದ ವರದಿ ತೋರಿಸಿ ಎಂದರೆ ಗುಣವಾದವರ ಫೋಟೋ ತೋರಿಸಿದರು. ಕಲಿಯುತ್ತಿದ್ದೇವೆ ಎಂದು ಒಪ್ಪಿಕೊಂಡವರ ವರದಿಯಲ್ಲಿ ಸತ್ತವರ ಲೆಕ್ಕವೂ ಇತ್ತು.

ಕಲಿಕೆ ನಿಂತಿಲ್ಲ ಎಂಬುದನ್ನೂ ಹೇಳಬೇಕು. ಈ ಗಡ್ಡೆಗಳಲ್ಲಿ ಹೆಚ್ಚಿನವುಗಳಲ್ಲಿ ಕೆ27ಎಂ ಎಂಬ ಒಂದೇ ಬಗೆಯ ಜೀನ್ ದೋಷವಿದೆ ಎಂದು 2012ರಲ್ಲೇ ತಿಳಿದಿತ್ತು. ಆ ದೋಷವನ್ನೇ ಗುರಿಯಾಗಿಟ್ಟ ಲಸಿಕೆಯನ್ನು ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ 29 ಎಳೆಯರ ಮೇಲೆ ಪರೀಕ್ಷಿಸಿ 2020ರಲ್ಲಿ ವರದಿ ಕೊಟ್ಟವು. ಟಿ-ಕಣಗಳು ಪಾಠ ಕಲಿತು ಹೆಚ್ಚಿದವರ ಮಧ್ಯಮ ಆಯುಷ್ಯ 16.1 ತಿಂಗಳು, ಕಲಿಯದವರದು 9.8. ಮೊದಲೇ ಗಟ್ಟಿ ಇದ್ದವರೇ ಪಾಠ ಕಲಿತಿರಬಹುದಲ್ಲವೇ ಎಂಬ ಸಂಶಯ ನಮಗಿದೆ. ಆದರೂ ಆರು ತಿಂಗಳು ಎಂದರೇನೆಂದು ಸೈಕಲ್ ಓಡಿಸಿದ ಹುಡುಗನನ್ನು ನೋಡಿದ ನಮಗೆ ಗೊತ್ತು. ಸ್ಟ್ಯಾನ್‌ಫರ್ಡ್‌ನಲ್ಲಿ ರೋಗಿಯದೇ ಟಿ-ಕಣಗಳನ್ನು ಹೊರತೆಗೆದು ತಿದ್ದಿ ಮರಳಿ ಕೊಟ್ಟಾಗ ಒಬ್ಬ ಯುವಕನ ಗಡ್ಡೆ ಸ್ಕ್ಯಾನ್‌ನಲ್ಲಿ ಕಾಣದಂತಾಯಿತೆಂದು 2024ರಲ್ಲಿ ವರದಿಯಾಯಿತು. 2025ರ ಆಗಸ್ಟ್‌ನಲ್ಲಿ ಕೆ27ಎಂ ದೋಷದ ಗಡ್ಡೆಗೆಂದೇ ಡೋರ್ಡಾವಿಪ್ರೋನ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಲಸಿಕೆಯಲ್ಲ, ನುಂಗುವ ಮದ್ದು.

ಈಗಲೂ ಪರಿಚಿತರ ಪರಿಚಿತರು ನಮಗೆ ಫೋನ್ ಮಾಡುತ್ತಾರೆ, ಎಂಥದೋ ಲಸಿಕೆ ಇದೆಯಂತಲ್ಲ ಎಂದು. ನಮ್ಮ ದೇಶದಲ್ಲಿ ನಡೆಯುವ ಪ್ರಯೋಗಗಳು ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯಲ್ಲಿ ಇರಬೇಕು, ಯಾರೂ ಉಚಿತವಾಗಿ ನೋಡಬಹುದು ಎಂದು ಹೇಳುತ್ತೇವೆ. ಮಗುವಿಗೆ ಏಳು ತುಂಬಿದ್ದರೆ ಅದರ ಒಪ್ಪಿಗೆಯನ್ನೂ ಕೇಳಬೇಕೆಂದು ಐಸಿಎಂಆರ್ ನಿಯಮವಿದೆ ಎಂದೂ ಹೇಳುತ್ತೇವೆ. ಆಮೇಲೆ ಫೋನನ್ನು ಅಕ್ಕನಿಗೆ ಕೊಡುತ್ತೇವೆ. ಆಕೆ ಮೊದಲು ಕೇಳುವುದು ಮಗು ಈಗ ಏನು ತಿನ್ನುತ್ತಿದೆ, ನುಂಗಲು ಆಗುತ್ತದಾ ಎಂದು.