ಸ್ವಾಮಿತ್ವ, ಸ್ಥಿತಿ ಮತ್ತು ಒಂದು ಕಾಲೇಜಿನ ಜಾಲತಾಣ

ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯದ ಏಳನೆಯ ಸೂತ್ರವು ಒಂದು ತತ್ತ್ವವನ್ನು ಅರಿಯಲು ಕೇಳಬೇಕಾದ ಆರು ಪ್ರಶ್ನೆಗಳನ್ನು ನಮ್ಮ ಮುಂದಿಡುತ್ತದೆ. ಅದರ ಸ್ವರೂಪವೇನು ಎಂಬುದು ನಿರ್ದೇಶ. ಅದು ಯಾರದು ಎಂಬುದು ಸ್ವಾಮಿತ್ವ. ಯಾವುದರಿಂದ ಉಂಟಾಗುತ್ತದೆ ಎಂಬುದು ಸಾಧನ. ಎಲ್ಲಿ ನೆಲೆಸಿದೆ ಎಂಬುದು ಅಧಿಕರಣ. ಎಷ್ಟು ಕಾಲ ಇರುತ್ತದೆ ಎಂಬುದು ಸ್ಥಿತಿ. ಎಷ್ಟು ಬಗೆ ಎಂಬುದು ವಿಧಾನ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸ್ವಾಮಿತ್ವವನ್ನು ಆಧಿಪತ್ಯವೆಂದೂ ಸ್ಥಿತಿಯನ್ನು ಕಾಲಪರಿಚ್ಛೇದವೆಂದೂ ವಿವರಿಸಿದ್ದಾರೆ. ಪಂಪ-ರನ್ನರನ್ನು ಪಾಠಮಾಡುವಾಗ ಜೈನ ಪರಿಭಾಷೆಯ ಪರಿಚಯಕ್ಕಾಗಿ ಈ ಸೂತ್ರವನ್ನು ಹಲವು ಸಲ ಪ್ರಸ್ತಾಪಿಸಿದ್ದೇನೆ. ಅದು ಕಚೇರಿಯ ಕೆಲಸವೊಂದರಲ್ಲಿ ಕೈಹಿಡಿದು ನಡೆಸೀತೆಂದು ಎಣಿಸಿರಲಿಲ್ಲ.

ನ್ಯಾಕ್ ತಂಡದ ಭೇಟಿ ಹತ್ತಿರವಾದಾಗ ಕಾಲೇಜಿನ ಜಾಲತಾಣವನ್ನು ಹೊಸದಾಗಿ ರೂಪಿಸಲು ಸಮಿತಿಯೊಂದು ರಚನೆಯಾಯಿತು. "ಭಾಷೆಯನ್ನು ಕನ್ನಡ ಮೇಷ್ಟ್ರು ನೋಡಿಕೊಳ್ಳಲಿ" ಎಂಬ ಕಾರಣಕ್ಕೆ ನನ್ನ ಹೆಸರೂ ಸೇರಿತು. ಮೊದಲ ಎರಡು ಸಭೆಗಳು ಬಣ್ಣ, ಲಾಂಛನ, ಮುಖಪುಟದಲ್ಲಿ ಸರಿದು ಹೋಗುವ ಚಿತ್ರಗಳು ಇವುಗಳಲ್ಲಿಯೇ ಕಳೆದವು. ತಾಣವನ್ನು ಕಟ್ಟಿಕೊಡಲು ಬಂದಿದ್ದ ಯುವಕನು ಕೊನೆಗೆ, "ಕಂಟೆಂಟ್ ಕೊಟ್ಟರೆ ತುಂಬಿಸಿಬಿಡುತ್ತೇವೆ, ಸರ್" ಎಂದನು. ಡಬ್ಬಿ ಮೊದಲು ಸಿದ್ಧವಾಗಿ ಕಾಳು ಆಮೇಲೆ ಬರುವ ಈ ಕ್ರಮವು ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಕ್ರಿಸ್ಟಿನಾ ಹಾಲ್ವರ್ಸನ್ ಅವರು 2009ರಲ್ಲಿ ಪ್ರಕಟಿಸಿದ 'ಕಂಟೆಂಟ್ ಸ್ಟ್ರಾಟಜಿ ಫಾರ್ ದ ವೆಬ್' ಎಂಬ ಪುಸ್ತಕದ ತಕರಾರೂ ಇದೇ. ಏನನ್ನು ಯಾರಿಗಾಗಿ ಬರೆಯಬೇಕು, ಬರೆಯುವವರು ಯಾರು, ಪ್ರಕಟವಾದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂಬುದು ಮೊದಲೇ ನಿಶ್ಚಯವಾಗಬೇಕೆಂಬುದು ಅವರ ವಾದ. 'ಕಾರ್ಯತಂತ್ರ' ಎಂಬ ಪ್ರಚಲಿತ ಅನುವಾದಕ್ಕೆ ದಂಡಯಾತ್ರೆಯ ವಾಸನೆಯಿದೆ. ನಾನು 'ವಿಷಯಯೋಜನೆ' ಎನ್ನುತ್ತೇನೆ.

ಹಳೆಯ ತಾಣದ ಪುಟಗಳನ್ನೆಲ್ಲ ಒಂದು ಪಟ್ಟಿಗೆ ಇಳಿಸಿ, ಪ್ರತಿ ಪುಟದ ಎದುರು ಸೂತ್ರದ ಆರು ಪ್ರಶ್ನೆಗಳನ್ನು ಕಾಲಂಗಳಾಗಿ ಎಳೆದೆನು. ಎಲ್ಲವೂ ನಮ್ಮ ಪ್ರಾಚೀನರಲ್ಲಿಯೇ ಇತ್ತೆನ್ನುವ ಚಪಲ ನನಗಿಲ್ಲ. ಸೂತ್ರಕಾರರು ಸಮ್ಯಗ್ದರ್ಶನಾದಿಗಳನ್ನೂ ಜೀವಾದಿ ತತ್ತ್ವಗಳನ್ನೂ ಕುರಿತು ಮಾತನಾಡುತ್ತಿದ್ದಾರೆ, ಹಾಸ್ಟೆಲ್ ಪ್ರವೇಶವನ್ನು ಕುರಿತಲ್ಲ. ಆದರೂ ಒಳ್ಳೆಯ ಪ್ರಶ್ನೆಗಳು ಬೇರೆಡೆಯೂ ದುಡಿಯುತ್ತವೆ. ನಿರ್ದೇಶದ ಕಾಲಂ ಒಂದೇ ಮಧ್ಯಾಹ್ನದಲ್ಲಿ ತುಂಬಿತು. ಸ್ವಾಮಿತ್ವದ ಕಾಲಂ ವಾರ ಕಳೆದರೂ ಬಹುಮಟ್ಟಿಗೆ ಖಾಲಿಯಾಗಿಯೇ ಇತ್ತು. ಹಾಸ್ಟೆಲ್ ಪುಟ ಯಾರದೆಂದು ವಾರ್ಡನರನ್ನು ಕೇಳಿದರೆ ಕಚೇರಿಯದೆಂದರು. ಕಚೇರಿಯವರು ಗಣಕವಿಜ್ಞಾನ ವಿಭಾಗದತ್ತ ಕೈತೋರಿದರು. ಆ ವಿಭಾಗದವರು ತಾಣ ಕಟ್ಟಿದವರದೆಂದರು. ಶುಲ್ಕದ ವಿವರ ಮೂರು ಕಡೆ ಇದ್ದು, ಮೂರರಲ್ಲಿಯೂ ಮೊತ್ತ ಬೇರೆ ಬೇರೆಯಾಗಿತ್ತು. ಗ್ರಂಥಸಂಪಾದಕನಾಗಿ ಪಾಠಾಂತರಗಳನ್ನು ಕಂಡರೆ ನನಗೆ ಹಿಗ್ಗು. ಶುಲ್ಕ ಕಟ್ಟಲು ಬಂದವನಿಗೆ ಆ ಹಿಗ್ಗು ಎಲ್ಲಿಂದ ಬರಬೇಕು?

ಸ್ಥಿತಿಯ ಪ್ರಶ್ನೆಯ ತೂಕ ಅರಿವಾದದ್ದು ಒಬ್ಬ ವಿದ್ಯಾರ್ಥಿನಿಯಿಂದ. ದೂರದ ಹಳ್ಳಿಯಿಂದ ತಂದೆಯೊಡನೆ ಬಂದಿದ್ದಳು. ಅವಳ ಮೊಬೈಲಿನಲ್ಲಿದ್ದ ನಮ್ಮದೇ ಪುಟದಲ್ಲಿ, ಈ ವರ್ಷದ ಹಾಸ್ಟೆಲ್ ಅರ್ಜಿಗೆ ಆಗಸ್ಟ್ 31 ಕೊನೆಯ ದಿನವೆಂದಿತ್ತು. ಅದು ಎರಡು ವರ್ಷ ಹಿಂದಿನ 'ಈ ವರ್ಷ'. ನಿಜವಾದ ಗಡುವು ಹದಿನೈದು ದಿನ ಮೊದಲೇ ಮುಗಿದು ಕೊಠಡಿಗಳು ಭರ್ತಿಯಾಗಿದ್ದವು. ಫೋನು ಮಾಡಿ ವಿಚಾರಿಸಬಹುದಿತ್ತಲ್ಲ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಮಾಡಿದ್ದಳು. ಪುಟದಲ್ಲಿದ್ದುದು ನಿವೃತ್ತರಾದ ಗುಮಾಸ್ತರೊಬ್ಬರ ಸಂಖ್ಯೆ. ದಿನದ ಕೂಲಿ ಬಿಟ್ಟು ಬಂದಿದ್ದ ಆ ತಂದೆ ಯಾರನ್ನೂ ದೂರಲಿಲ್ಲ. ಊರಿಗೆ ಕಡೆಯ ಬಸ್ಸು ಎಷ್ಟು ಗಂಟೆಗೆ ಎಂದಷ್ಟೇ ಕೇಳಿದರು.

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ತೇದಿಯಿಲ್ಲದ ಪ್ರಾಚೀನ ಶಾಸನಗಳು ಹಲವಿವೆ. ವಿದ್ವಾಂಸರು ಅಕ್ಷರದ ಬಳುಕು, ತಲೆಕಟ್ಟಿನ ರೂಪ, ಭಾಷೆಯ ಹದ ನೋಡಿ ಅವುಗಳ ಕಾಲವನ್ನು ಊಹಿಸಿದ್ದಾರೆ. ಕಲ್ಲು ತೇದಿಯನ್ನು ಹೇಳದಿದ್ದರೂ ಲಿಪಿ ಒಂದಿಷ್ಟು ಹೇಳುತ್ತದೆ. ತಾಳೆಯೋಲೆಯಾದರೆ ತನ್ನ ಜೀರ್ಣತೆಯಿಂದಲೇ ವಯಸ್ಸನ್ನು ಸೂಚಿಸುತ್ತದೆ. ಜಾಲತಾಣದ ಪುಟಕ್ಕೆ ಇದಾವುದೂ ಇಲ್ಲ. ಯೂನಿಕೋಡ್ ಅಕ್ಷರ ಸವೆಯುವುದಿಲ್ಲ, ಹಳದಿಯಾಗುವುದಿಲ್ಲ; ಹತ್ತು ವರ್ಷದ ಹಿಂದಿನ ಪ್ರಕಟಣೆ ಈ ಬೆಳಗಿನ ಪ್ರಕಟಣೆಯಷ್ಟೇ ಹೊಳಪಿನಿಂದ ಮುಂದೆ ನಿಲ್ಲುತ್ತದೆ. ಆದುದರಿಂದ ಶಕವರ್ಷ, ಸಂವತ್ಸರ, ತಿಥಿಗಳನ್ನು ಕೆತ್ತಿಸಿದವರ ಎಚ್ಚರ ನಮಗೆ ಇನ್ನೂ ಹೆಚ್ಚು ಬೇಕು. ಈ ವರ್ಷ, ಇತ್ತೀಚೆಗೆ, ನೂತನ ಎಂಬ ಮೂರು ಪದಗಳನ್ನು ತಾಣದಿಂದ ಹೊರಹಾಕಿ, ಆ ಜಾಗದಲ್ಲಿ ಇಸವಿಯನ್ನು ಬರೆಯಬೇಕೆಂದು ಪಟ್ಟುಹಿಡಿದೆನು.

ಪುಟಗಳ ಆಯುಸ್ಸು ಒಂದೇ ತೆರನಾದುದಲ್ಲ. ಔಪಶಮಿಕ ಸಮ್ಯಗ್ದರ್ಶನದ ಸ್ಥಿತಿ ಅಂತರ್ಮುಹೂರ್ತ, ಎಂದರೆ 48 ನಿಮಿಷಕ್ಕೂ ಒಳಗು; ಕ್ಷಾಯಿಕಕ್ಕೆ ಆದಿಯುಂಟು, ಅಂತ್ಯವಿಲ್ಲ. ಪರೀಕ್ಷೆ ಮುಂದೂಡಿದ ಸೂಚನೆ ಮೊದಲನೆಯ ಜಾತಿಯದು. ಕಾಲೇಜಿನ ಸ್ಥಾಪನೆಯ ಇತಿಹಾಸ ಎರಡನೆಯದು. ಅವಧಿ ಮುಗಿದುದನ್ನು ಅಳಿಸಿಬಿಡೋಣವೆಂದು ಸಮಿತಿ ಹೇಳಿದಾಗ ನನ್ನೊಳಗಿನ ಇತಿಹಾಸದ ವಿದ್ಯಾರ್ಥಿ ಒಪ್ಪಲಿಲ್ಲ. ನಮ್ಮ ಮೊದಲ ಜಾಲತಾಣವು ಗುತ್ತಿಗೆ ಬದಲಾದಾಗ ವಿಳಾಸಸಮೇತ ಮಾಯವಾಯಿತು. ಅದರಲ್ಲಿದ್ದ ವಿಚಾರಸಂಕಿರಣಗಳ ವರದಿಗಳು ಈಗ ಎಲ್ಲಿಯೂ ಇಲ್ಲ. ಅದಕ್ಕಿಂತ ಹಳೆಯ ಅಚ್ಚಿನ ಕೈಪಿಡಿಗಳಾದರೋ ಗ್ರಂಥಾಲಯದ ಕಪಾಟಿನಲ್ಲಿ ದೂಳು ಹೊತ್ತು ಕುಳಿತಿವೆ. ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ 2009ರಲ್ಲಿ ಸರ್ಕಾರಿ ಜಾಲತಾಣಗಳಿಗಾಗಿ ಹೊರತಂದ ಮಾರ್ಗಸೂಚಿಯು ವಿಷಯವನ್ನು ಯಾರು ಬರೆದು ಯಾರು ಅನುಮೋದಿಸಬೇಕು ಎಂಬ ನೀತಿಯನ್ನೂ, ಅವಧಿ ಮೀರಿದುದನ್ನು ದಫ್ತರಕ್ಕೆ ಸೇರಿಸುವ ನೀತಿಯನ್ನೂ ಕೇಳುತ್ತದೆ. ನಾವೂ ಹಳೆಯ ಪ್ರಕಟಣೆಗಳಿಗೆ ಬೇರೊಂದು ದಫ್ತರ ಮಾಡಿ, ಪ್ರತಿಯೊಂದರ ನೆತ್ತಿಯ ಮೇಲೆ 'ಅವಧಿ ಮುಗಿದಿದೆ' ಎಂದು ಬರೆಸಿದೆವು.

ಅರ್ಜಿ ಸಲ್ಲಿಸುವ ವಿಧಾನದ ಪುಟವನ್ನು ಮಾತ್ರ ನಾನೇ ಬರೆದೆನು. ಮೊದಲಿನ ಪುಟ 'ಸದರಿ', 'ಮೇಲ್ಕಂಡ'ಗಳ ಕಾಡಾಗಿದ್ದು, ನಿಯಮ, ವಿವರಣೆ, ಮಾಡಬೇಕಾದ ಕೆಲಸ ಮೂರೂ ಒಂದೇ ವಾಕ್ಯದಲ್ಲಿ ಹೆಣೆದುಕೊಂಡಿದ್ದವು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರ, ವೃತ್ತಿ, ಪ್ರಯೋಗಗಳನ್ನು ಬೇರ್ಪಡಿಸಿದ್ದಾನೆ. ಬಲ್ಲವನಿಗೆ ಸೂತ್ರವೇ ಸಾಕು. ಅನುಮಾನವಿದ್ದವನು ವೃತ್ತಿಗೆ ಇಳಿಯುತ್ತಾನೆ. ಪ್ರಯೋಗವನ್ನು ನೋಡದೆ ತಿಳಿಯದವರೇ ಹೆಚ್ಚು. ತಂತ್ರಾಂಶಗಳ ಕೈಪಿಡಿ ಬರೆಯುವವರು ಇಂದು ಪರಿಕಲ್ಪನೆ, ಕ್ರಮ, ಆಕರ ಎಂದು ವಿಂಗಡಿಸುವಾಗಲೂ ಓದುಗರ ಇಂಥ ಭೇದವೇ ಅವರ ಗಮನದಲ್ಲಿರುತ್ತದೆ. ನಾನು ಮೊದಲು ಗಡುವು ಮತ್ತು ಬೇಕಾದ ದಾಖಲೆಗಳನ್ನು ಇಟ್ಟು, ಕೆಳಗೆ ಕಾರಣಗಳನ್ನು ವಿವರಿಸಿ, ಕೊನೆಗೆ ತುಂಬಿದ ಅರ್ಜಿಯ ಮಾದರಿಯೊಂದನ್ನು ಕೊಟ್ಟೆನು. ಹೆಚ್ಚು ಜನ ಆ ಮಾದರಿಯನ್ನೇ ತೆರೆಯುತ್ತಾರೆಂದು ಕಚೇರಿಯವರು ಹೇಳಿದರು. ಕೇಶಿರಾಜನ ಓದುಗರೂ ಹಾಗೆಯೇ ಇದ್ದಿರಬೇಕು.

ಈಗ ಪ್ರತಿ ಪುಟದ ಅಡಿಯಲ್ಲಿ ಎರಡು ಸಾಲುಗಳಿವೆ: ಹೊಣೆ ಯಾರದು, ಮುಂದಿನ ಪರಿಶೀಲನೆ ಯಾವಾಗ. ವ್ಯಕ್ತಿಯ ಹೆಸರು ಹಾಕದೆ ಹುದ್ದೆಯ ಹೆಸರು ಹಾಕಿದ್ದೇವೆ, ಏಕೆಂದರೆ ವ್ಯಕ್ತಿಗಳು ವರ್ಗವಾಗುತ್ತಾರೆ. ತೇದಿಯನ್ನು ಹೀಗೆ ಬಹಿರಂಗವಾಗಿ ತೋರಿಸಿದರೆ ತಡವಾದಾಗ ಮಾನ ಹೋಗುವುದೆಂದು ಪ್ರಾಂಶುಪಾಲರು ಅನುಮಾನಿಸಿದರು. ಹೋಗಲಿ ಎಂದೆನು, ಒಪ್ಪಿದರು. ಹಾಸ್ಟೆಲ್ ಪುಟವನ್ನು ವಾರ್ಡನರು ವಹಿಸಿಕೊಂಡಿದ್ದಾರೆ. ಗ್ರಂಥಾಲಯದ ಪುಟವೊಂದಕ್ಕೆ ಮಾತ್ರ ಸ್ವಾಮಿತ್ವದ ಕಾಲಂ ಇನ್ನೂ ತುಂಬಿಲ್ಲ. ಗ್ರಂಥಪಾಲಕರ ಹುದ್ದೆ ಖಾಲಿಯಿದೆ.