ಹೊಳೆ ತುಂಬಿದರೆ ಮುಂಗಡದ ಗತಿ ಏನು?

ಪ್ರವಾಸ ಎಂದೊಡನೆ ಮಕ್ಕಳಿಗೆ ಹಿಗ್ಗು, ಯಜಮಾನರಿಗೆ ರಜೆಯ ಚಿಂತೆ, ಗೃಹಿಣಿಗೆ ಮಾತ್ರ ಲೆಕ್ಕಾಚಾರ. ಚಕ್ಕುಲಿ, ಕೋಡುಬಳೆ ಡಬ್ಬಿ ಸೇರುವ ಮೊದಲೇ ರೈಲಿನ ಟಿಕೇಟು, ಕೋಣೆಯ ಮುಂಗಡ, ಕಾರಿನ ಮುಂಗಡ ಅಂತ ಉಳಿತಾಯದ ದುಡ್ಡು ಕೈಬಿಟ್ಟು ಹೋಗಿರುತ್ತದೆ. ಆಮೇಲೆ ಮಗುವಿಗೆ ಜ್ವರ ಬಂತು, ಅತ್ತೆಯವರ ಕಾಲು ಉಳುಕಿತು, ಹೊಳೆ ತುಂಬಿತು ಎಂದರೆ ಆ ದುಡ್ಡು ಏನಾಗುತ್ತದೆ? ಹೊಸಪೇಟೆ, ಹಂಪಿಯ ಕಡೆಗೆ ಹೊರಡುವವರು ಈ ಪ್ರಶ್ನೆಯನ್ನು ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಬೇಕು. ಅಲ್ಲಿ ಪ್ರವಾಸದ ದಿನಚರಿಯನ್ನು ಬರೆಯುವವಳು ತುಂಗಭದ್ರೆ!

ಹೊಳೆಯ ಮಾತು ಮೊದಲು

ಹೊಸಪೇಟೆಗೆ ಅಂಟಿಕೊಂಡಂತೆಯೇ ಇದೆ ತುಂಗಭದ್ರಾ ಅಣೆಕಟ್ಟು. ಅದಕ್ಕೆ 33 ಗೇಟುಗಳು. ಮಳೆಗಾಲದಲ್ಲಿ ಮಲೆನಾಡಿನ ನೀರೆಲ್ಲ ಬಂದು ಜಲಾಶಯ ತುಂಬಿತೆಂದರೆ ಗೇಟುಗಳನ್ನು ಎತ್ತುತ್ತಾರೆ. ನೋಡಲು ಎರಡು ಕಣ್ಣು ಸಾಲದು. ಆದರೆ ಅದೇ ನೀರು ಹಂಪಿಗೆ ಬರುವಾಗ ಪುರಂದರ ಮಂಟಪವನ್ನು ಮುಳುಗಿಸುತ್ತದೆ, ಹರಿಗೋಲುಗಳನ್ನು ದಡಕ್ಕೆ ಕಟ್ಟಿಸುತ್ತದೆ. ಇನ್ನೂ ಕೆಳಗೆ ಕಂಪ್ಲಿಯಲ್ಲಿ ಗಂಗಾವತಿಗೆ ಹೋಗುವ ಸೇತುವೆಯ ಮೇಲೆ ನೀರು ಹರಿದು ಬಸ್ಸುಗಳ ಓಡಾಟವೇ ನಿಲ್ಲುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು.

ಇಂಥ ಹೊತ್ತಿನಲ್ಲಿ ನಮ್ಮ ಬಾಯಿಂದ ಬರುವ ಮಾತೊಂದಿದೆ: "ಹೇಗೂ ದುಡ್ಡು ಕೊಟ್ಟಾಯ್ತಲ್ಲ, ಹೋಗಿಬಿಡೋಣ." ಅಪಾಯ ಇರುವುದು ಈ ಮಾತಿನಲ್ಲೇ. 2019ರ ಆಗಸ್ಟಿನಲ್ಲಿ ಹಂಪಿಯ ಎದುರು ದಡದ ವಿರುಪಾಪುರ ಗಡ್ಡೆಯ ಸುತ್ತ ನೀರು ಏರಿದಾಗ, ಅಲ್ಲಿ ತಂಗಿದ್ದ ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರುಗಳಲ್ಲಿ ದಾಟಿಸಬೇಕಾಯಿತು. ಹೋದ ಮುಂಗಡವನ್ನು ಮತ್ತೆ ಕೂಡಿಡಬಹುದು. ಹೊಳೆಗೆ ಹೋದದ್ದನ್ನು ಕೂಡಿಡಲು ಬರುವುದಿಲ್ಲ.

ಸರಿ, ಹೋಗುವುದು ಬೇಡವೆಂದು ನಿಶ್ಚಯಿಸಿದಿರಿ. ಇನ್ನು ದುಡ್ಡಿನ ಮಾತಿಗೆ ಬರೋಣ.

ರೈಲಿನ ಟಿಕೇಟು

ಮೈಸೂರು, ಬೆಂಗಳೂರಿನ ಕಡೆಯಿಂದ ಬರುವವರಿಗೆ ಹಂಪಿ ಎಕ್ಸ್‌ಪ್ರೆಸ್ ಹಳೆಯ ನಂಟು. ಸಂಜೆ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಇದರ ಟಿಕೇಟು ರದ್ದು ಮಾಡುವಾಗ ಒಂದೇ ಸೂತ್ರ: ತಡ ಮಾಡಿದಷ್ಟೂ ನಷ್ಟ. 2015ರ ನವೆಂಬರಿನಲ್ಲಿ ಬಂದ ನಿಯಮದ ಪ್ರಕಾರ, ಖಾತರಿಯಾದ ಸ್ಲೀಪರ್ ಟಿಕೇಟನ್ನು 48 ಗಂಟೆಗಳಿಗೂ ಮೊದಲು ರದ್ದು ಮಾಡಿದರೆ ಒಬ್ಬರಿಗೆ 120 ರೂಪಾಯಿ ಕಡಿತ. ಆಮೇಲೆ 12 ಗಂಟೆಯವರೆಗೆ ಕಾಲುಭಾಗ, ಅಲ್ಲಿಂದ 4 ಗಂಟೆಯವರೆಗೆ ಅರ್ಧ, ಅದೂ ದಾಟಿದರೆ ಪೂರ್ತಿ ಹೋಯಿತು ಅಂತಲೇ ಲೆಕ್ಕ. ದರವೂ ಗಡುವೂ ಬದಲಾಗುತ್ತಿರುತ್ತವೆ. ಟಿಕೇಟು ಕೊಳ್ಳುವ ದಿನವೇ ಕೌಂಟರಿನಲ್ಲಿ ಕೇಳಿ, ಟಿಕೇಟಿನ ಹಿಂದೆ ಬರೆದಿಟ್ಟುಕೊಳ್ಳಿ. ರೈಲೇ ರದ್ದಾದರೆ ಮಾತ್ರ ಪೂರ್ತಿ ಹಣ ನಿಮ್ಮದು.

"ಅಯ್ಯೋ, ನಮ್ಮ ಟಿಕೇಟನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟರಾಯ್ತು" ಎನ್ನುತ್ತೀರಾ? ಹಾಗೆ ಮಾಡಬೇಡಿ. 1989ರ ರೈಲ್ವೆ ಕಾಯ್ದೆಯ 142ನೇ ಕಲಮಿನ ಪ್ರಕಾರ ಕಾಯ್ದಿರಿಸಿದ ಟಿಕೇಟನ್ನು ಮಾರುವುದೂ ತಪ್ಪು, ಕೊಳ್ಳುವುದೂ ತಪ್ಪು. ಸ್ನೇಹಕ್ಕೆ ಕೊಂಡ ಟಿಕೇಟಿನಿಂದ ಪಾಪ ಆ ನೆರೆಯವರೇ ಟಿಕೇಟಿಲ್ಲದ ಪ್ರಯಾಣಿಕರಾಗಿ ಸಿಕ್ಕಿಬೀಳುತ್ತಾರೆ.

ನ್ಯಾಯವಾದ ದಾರಿ ಬೇರೆ ಇದೆ. ರೈಲು ಹೊರಡುವ 24 ಗಂಟೆ ಮೊದಲು ರಿಸರ್ವೇಶನ್ ಮೇಲ್ವಿಚಾರಕರಿಗೆ ಅರ್ಜಿ ಕೊಟ್ಟರೆ ಟಿಕೇಟನ್ನು ಮನೆಯವರ ಹೆಸರಿಗೆ ಬದಲಿಸಿಕೊಡುತ್ತಾರೆ. ಆದರೆ ಈ ಪಟ್ಟಿಯಲ್ಲಿರುವವರು ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಮಗ, ಮಗಳು, ಗಂಡ, ಹೆಂಡತಿ. ಅತ್ತೆ, ನಾದಿನಿ, ಸೊಸೆ ಇದರಲ್ಲಿಲ್ಲ! ಸಂಬಂಧಕ್ಕೆ ದಾಖಲೆ ಬೇಕು, ಬದಲಾವಣೆ ಒಂದೇ ಸಲ. ಮದುವೆಯ ದಿಬ್ಬಣಕ್ಕಾದರೆ 48 ಗಂಟೆ ಮೊದಲು ಕೇಳಬೇಕು.

ಖಾಲಿ ಕೋಣೆ

ಟಿಕೇಟಿಗೆ ಕಾನೂನಿದೆ, ಕೋಣೆಗೆ ಮಾತ್ರ ಮಾತೇ ಕಾನೂನು. ರಾಜರ ವೈಭವದ ಒಂದು ಉದಾಹರಣೆ ಕೇಳಿ. ಹಂಪಿಯ ಕಲ್ಲಿನ ರಥದ ಹೆಸರಿನಲ್ಲೇ 2008ರಲ್ಲಿ ಹೊರಟದ್ದು 'ಗೋಲ್ಡನ್ ಚಾರಿಯಟ್' ರೈಲು. ಕದಂಬ, ಹೊಯ್ಸಳ, ವಿಜಯನಗರ ಎಂದು ಬೋಗಿಗಳ ಹೆಸರು. ಹಡಗಿನ ಕ್ಯಾಬಿನ್ನುಗಳಂತೆ 44 ಕೋಣೆಗಳು. ಕೋಣೆ ತುಂಬದೆ ನಷ್ಟವಾಗಿ, ನಡುವೆ ನಿಂತು, 2024ರ ಡಿಸೆಂಬರಿನಲ್ಲಿ ಮತ್ತೆ ಓಡಿತು. ಹೊರಟ ರೈಲಿನ ಖಾಲಿ ಕೋಣೆ, ಕಳೆದ ರಾತ್ರಿಯ ಖಾಲಿ ಕೋಣೆ ಎರಡೂ ಒಂದೇ. ಉಳಿದ ಅನ್ನವನ್ನಾದರೆ ನಾವು ಬೆಳಿಗ್ಗೆ ಚಿತ್ರಾನ್ನ ಮಾಡಿಯೇವು. ಕಳೆದ ರಾತ್ರಿಯನ್ನು ಮತ್ತೆ ಬಡಿಸುವಂತಿಲ್ಲ. ಅದಕ್ಕೇ ದೊಡ್ಡ ಹಡಗಿನವರೂ, ಹೊಸಪೇಟೆಯ ವಸತಿಗೃಹದವರೂ ದಿನ ಹತ್ತಿರವಾದಂತೆ ಹೆಚ್ಚು ಹೆಚ್ಚು ಮುರಿದುಕೊಳ್ಳುವುದು.

ಈ ಗುಟ್ಟು ತಿಳಿದರೆ ಮಾತಾಡುವುದೂ ಸುಲಭ. ಬರಲಾಗದೆಂದು ತಿಳಿದ ಕ್ಷಣವೇ ಫೋನು ಮಾಡಿ. "ಹಣ ವಾಪಸು ಕೊಡಿ" ಎಂದು ಶುರು ಮಾಡಬೇಡಿ. "ತಾರೀಖು ಮುಂದೂಡುವಿರಾ? ನಮ್ಮ ಬದಲು ತಂಗಿಯ ಸಂಸಾರ ಬಂದರೆ ಆದೀತೇ? ಈ ಕೋಣೆಗೆ ಬೇರೆಯವರು ಬಂದರೆ ನಮ್ಮ ಮುಂಗಡ ಕೊಡುವಿರಾ?" ಎಂದು ಕೇಳಿ. ಹಂಪಿ ಉತ್ಸವದ ದಿನಗಳಲ್ಲಿ ಕೋಣೆಗೆ ಪರದಾಟ. ನೀವು ಬಿಟ್ಟ ಕೋಣೆಗೆ ಗಿರಾಕಿ ಸಿಗುವುದು ಕಷ್ಟವಲ್ಲ. ಒಪ್ಪಿದ್ದನ್ನು ಬರಹದಲ್ಲಿ ತರಿಸಿಕೊಳ್ಳಿ, ಮೊಬೈಲಿನ ಸಂದೇಶವಾದರೂ ಸಾಕು. ವಸತಿಗೃಹದವರಿಗೆ ಹೇಳದೆ ಕೋಣೆಯನ್ನು ಇನ್ನೊಬ್ಬರಿಗೆ ದಾಟಿಸಿದರೆ, ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿಯಾರು.

ಅಗ್ಗದ ದರವೆಂದು ಕಣ್ಣು ಮುಚ್ಚಿ ಮುಂಗಡ ಕಟ್ಟಬೇಡಿ. ಅಗ್ಗವಾದದ್ದು ಬಹಳ ಸಲ 'ಹಣ ಹಿಂತಿರುಗಿಸುವುದಿಲ್ಲ' ಎಂಬ ಷರತ್ತಿನದ್ದು. ಜಾಗಕ್ಕೆ ಪರವಾನಗಿ ಇದೆಯೇ ಎಂದೂ ಕೇಳಿ. ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ವಿರುಪಾಪುರ ಗಡ್ಡೆಯ ಅನಧಿಕೃತ ವಸತಿಗಳನ್ನು ಕೆಡವಿದರು. ಕಟ್ಟಡವೇ ಇಲ್ಲವಾದ ಮೇಲೆ ಮುಂಗಡ ಕೇಳುವುದು ಯಾರನ್ನು? ಒಪ್ಪಿದ ಹಣ ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ರೈಲಿನ ವಿಚಾರಕ್ಕೆ 139.

ಹೊಳೆ ಬಿಟ್ಟರೆ ಬೆಟ್ಟವಿದೆ

ಕೆಲವೊಮ್ಮೆ ಎಲ್ಲವನ್ನೂ ರದ್ದು ಮಾಡಬೇಕಾಗಿಯೇ ಇಲ್ಲ. ರೈಲು ಓಡುತ್ತಿದೆ, ಹೊಸಪೇಟೆಯ ಕೋಣೆ ಒಣಗಿದೆ, ಹೊಳೆ ದಂಡೆ ಮಾತ್ರ ಬೇಡ ಎಂದಾದರೆ ಮುಖವನ್ನು ಸಂಡೂರಿನ ಕಡೆ ತಿರುಗಿಸಿ. ಸುಮಾರು 30 ಕಿ.ಮೀ. ದಾರಿ. ಬೇಸಿಗೆಯಲ್ಲಿ ಕೆಮ್ಮಣ್ಣಿನ ಬೆಟ್ಟ, ಮಳೆ ಬಿದ್ದೊಡನೆ ಹಸಿರು ಸೀರೆ ಉಟ್ಟ ಬೆಟ್ಟ. ನಾರಿಹಳ್ಳದ ನೀರು, ಕುಮಾರಸ್ವಾಮಿಯ ಬೆಟ್ಟದಲ್ಲಿ ಪಾರ್ವತಿಯ ಹಳೆಯ ಗುಡಿ, ಕನ್ನಡಿ ಚೂರು ಕೂರಿಸಿ ಲಂಬಾಣಿ ಹೆಣ್ಣುಮಕ್ಕಳು ಹೊಲಿಯುವ ಕಸೂತಿ. ಸಂಡೂರಿನ ಈ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಹರಿಗೋಲಿಗೆಂದು ಎತ್ತಿಟ್ಟ ಹಣದಲ್ಲಿ ಒಂದು ಕಸೂತಿ ಚೀಲ ಬಂದರೆ ಅದೇನು ನಷ್ಟವೇ?

ಕಂಪ್ಲಿಯ ಕೋಟೆ, ಕುಮಾರರಾಮನ ನಾಡು, ಹೊಳೆಯಂಚಿನ ಭತ್ತದ ಗದ್ದೆ ಇವನ್ನು ನೀರಿಳಿದ ಚಳಿಗಾಲಕ್ಕೆ ಇಟ್ಟುಕೊಳ್ಳಿ. ಹಂಪಿಯ ಕಲ್ಲುಗಳೂ ಎಲ್ಲಿಗೂ ಓಡಿಹೋಗುವುದಿಲ್ಲ. ಸದ್ಯಕ್ಕೆ ಒಂದು ಕೆಲಸ ಮಾಡಿ: ಮನೆ ಖರ್ಚಿನ ಪುಸ್ತಕದ ಕೊನೆಯ ಪುಟದಲ್ಲಿ ಟಿಕೇಟು, ಕೋಣೆ, ಕಾರು ಎಂದು ಮೂರು ಸಾಲು ಎಳೆದು, ಎಷ್ಟು ಕೊಟ್ಟಿರಿ, ಯಾವ ತಾರೀಖಿನೊಳಗೆ ಬೇಡವೆಂದರೆ ಎಷ್ಟು ವಾಪಸು ಎಂಬುದನ್ನು ಬರೆಯಿರಿ. ಆ ಪುಟ ತುಂಬಿದ ಮೇಲೆಯೇ ಚಕ್ಕುಲಿಯ ಹಿಟ್ಟು ಕಲಸಿ.